ಬಂಡೂರಿನ ಗೋಮಾಳದ ಹುಲ್ಲುಮಣಿ ಚಿಟ್ಟೆ: ಅದರ ಜೀವಕ್ರಮವೂ ನೆಲೆಯೂ

ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿಗೆ ಸೇರಿದ ಬಂಡೂರು ಗ್ರಾಮದ ಹೆಸರನ್ನು ಕೇಳಿದ ಕೂಡಲೆ ಕುರಿಗಳ ನೆನಪು ಬರುವುದು ಸಹಜವಾಗಿದೆ. ಗಿಡ್ಡ ಕಾಲು, ಅಗಲವಾದ ಬೆನ್ನು, ಹಿಂದಿನಿಂದ ನೋಡಿದರೆ ತಲೆಕೆಳಗಾದ ಲಾಳದಂತೆ ತೋರುವ ತುಂಬಿದ ತೊಡೆಗಳು, ಇವುಗಳಿಂದ ಗುರುತಿಸಲ್ಪಡುವ ಈ ತಳಿಯು ಮಾಂಸದ ಮೃದುತ್ವಕ್ಕಾಗಿ ದೇಶದಲ್ಲೆಲ್ಲ ಪ್ರಸಿದ್ಧವಾಗಿದೆ. ದೇಶದ ಪಶು ತಳಿಗಳ ಪಟ್ಟಿಯಲ್ಲಿ ಇದಕ್ಕೆ ಮಂಡ್ಯ ತಳಿ ಎಂಬ ಹೆಸರೂ ಉಂಟು. ಆದರೆ ಆ ಕುರಿಯು ಮೇಯುವ ನೆಲದ ವಿಷಯವಾಗಿ ಯೋಚಿಸುವವರು ಬಹು ಕಡಮೆ. ಗೋಮಾಳವೆಂದರೆ ಏನೂ ಬೆಳೆಯದ ಬರಡು ಭೂಮಿ ಎಂಬ ಭಾವನೆಯೇ ಹೆಚ್ಚು ಜನರಲ್ಲಿದೆ. ಈ ಭಾವನೆ ಸರಿಯಾದುದಲ್ಲವೆಂಬುದಕ್ಕೆ ಆ ನೆಲದಲ್ಲಿಯೇ ಹುಟ್ಟಿ, ಅಲ್ಲಿಯೇ ಬಾಳಿ, ಅಲ್ಲಿಯೇ ಮುಗಿಯುವ ಒಂದು ಅತಿ ಚಿಕ್ಕ ಚಿಟ್ಟೆಯು ಸಾಕ್ಷಿಯಾಗಿದೆ. ಅದರ ಜೀವಕ್ರಮವನ್ನೂ, ಅದರಿಂದ ಗ್ರಾಮಸ್ಥರು ತಿಳಿಯಬೇಕಾದ ವಿಷಯವನ್ನೂ ಈ ಲೇಖನದಲ್ಲಿ ವಿವರಿಸಲಾಗಿದೆ.

ಚಿಟ್ಟೆಯ ಗುರುತು

ಇಂಗ್ಲಿಷಿನಲ್ಲಿ ಈ ಚಿಟ್ಟೆಗೆ ಗ್ರಾಸ್ ಜ್ಯೂಯೆಲ್ ಎಂದು ಹೆಸರು. ಶಾಸ್ತ್ರಜ್ಞರು ದಕ್ಷಿಣ ದೇಶದ ಬಯಲುಗಳಲ್ಲಿ ಕಂಡುಬರುವ ಜಾತಿಯನ್ನು ಫ್ರೇಯೇರಿಯಾ ಪುಟ್ಲಿ ಎಂದು ಕರೆಯುತ್ತಾರೆ. ಈ ಹೆಸರನ್ನು 1844ರಲ್ಲಿ ಕೊಟ್ಟವನು ಕೊಲ್ಲಾರ್ ಎಂಬ ಪಂಡಿತನು. ಹೆಸರು ಕನ್ನಡದ ‘ಪುಟ್ಟ’ ಎಂಬ ಮಾತನ್ನು ನೆನಪಿಗೆ ತರುತ್ತದೆ. ಚಿಟ್ಟೆಯೂ ಹಾಗೆಯೇ ಪುಟ್ಟದು. ಈ ಲೇಖನದಲ್ಲಿ ಅದನ್ನು ಹುಲ್ಲುಮಣಿ ಎಂದು ಕರೆಯಲಾಗುವುದು.

ರೆಕ್ಕೆಗಳನ್ನು ಪೂರ್ತಿಯಾಗಿ ಬಿಚ್ಚಿದಾಗಲೂ ಇದರ ಅಗಲವು 15ರಿಂದ 22 ಮಿಲಿಮೀಟರುಗಳನ್ನು ಮೀರುವುದಿಲ್ಲ. ಎಂದರೆ ಒಂದು ಅಂಗುಲಕ್ಕೂ ಕಡಮೆ. ಭಾರತ ದೇಶದ ಅತಿ ಸಣ್ಣ ಚಿಟ್ಟೆಗಳ ಸಾಲಿನಲ್ಲಿ ಇದನ್ನು ಎಣಿಸುತ್ತಾರೆ. ಕರ್ನಾಟಕವು ತನ್ನ ರಾಜ್ಯದ ಚಿಟ್ಟೆಯಾಗಿ ಆರಿಸಿಕೊಂಡಿರುವುದು ಮಲೆನಾಡಿನ ಮರಗಳ ಮೇಲೆ ಹಕ್ಕಿಯಂತೆ ಹಾರುವ ಸದರ್ನ್ ಬರ್ಡ್‌ವಿಂಗ್ ಎಂಬ ಬಹು ದೊಡ್ಡ ಚಿಟ್ಟೆಯನ್ನು. ಅದನ್ನು ನೋಡಲು ತಲೆಯೆತ್ತಬೇಕು. ಹುಲ್ಲುಮಣಿಯನ್ನು ನೋಡಲು ಮೊಣಕಾಲೂರಿ ಕೂರಬೇಕು.

ರೆಕ್ಕೆಯ ಮೇಲ್ಭಾಗವು ಮಾಸಲು ಕಂದು ಬಣ್ಣದ್ದು. ಕೂತಾಗ ರೆಕ್ಕೆಗಳನ್ನು ಮಡಿಸಿಕೊಳ್ಳುವುದರಿಂದ ಅದರ ಅಡಿಯ ಬದಿಯೇ ಕಣ್ಣಿಗೆ ಬೀಳುವುದು. ಆ ಬದಿಯು ಬೂದು ಮಿಶ್ರವಾದ ಕಂದು. ಅದರ ಮೇಲೆ ಸಣ್ಣ ಸಣ್ಣ ಚುಕ್ಕೆಗಳು. ಹಿಂದಿನ ರೆಕ್ಕೆಯ ಅಂಚಿನಲ್ಲಿ ಸಾಲಾಗಿ ಕೆಲವು ದುಂಡನೆಯ ಕಪ್ಪು ಚುಕ್ಕೆಗಳಿರುವುವು. ಅವುಗಳಿಗೆ ಕಿತ್ತಳೆ ಬಣ್ಣದ ಅಂಚುಕಟ್ಟು. ಒಳಗೆ ಬಿಸಿಲು ಬಿದ್ದಾಗ ಹೊಳೆಯುವ ಹಸುರು ನೀಲಿಯ ಪುಡಿ. ಈ ಹೊಳಪಿನಿಂದಲೇ ಇದಕ್ಕೆ ಮಣಿಯ ಹೆಸರು ಬಂದಿದೆ. ಇದೇ ಗುಂಪಿಗೆ ಸೇರಿದ ಅನೇಕ ನೀಲಿ ಚಿಟ್ಟೆಗಳಿಗೆ ಹಿಂದಿನ ರೆಕ್ಕೆಯ ತುದಿಯಲ್ಲಿ ಕೂದಲಿನಂತಹ ಬಾಲವುಂಟು, ಹುಲ್ಲುಮಣಿಗೆ ಅದಿಲ್ಲ. ಗಂಡು ಹೆಣ್ಣುಗಳು ನೋಟಕ್ಕೆ ಒಂದೇ ತೆರ.

ಇದು ಎತ್ತರಕ್ಕೆ ಹಾರುವುದಿಲ್ಲ. ನೆಲದಿಂದ ಗೇಣು ಮೊಳದ ಎತ್ತರದಲ್ಲಿ ಸ್ವಲ್ಪ ದೂರ ಹಾರಿ ಮತ್ತೆ ಕೂರುವುದು. ಬಿಸಿಲು ಮರೆಯಾದರೆ ಹುಲ್ಲಿನ ಎಸಳಿಗೆ ಅಂಟಿಕೊಂಡು ಸುಮ್ಮನಿರುವುದು. ಈ ಕಾರಣದಿಂದ ದಿನವೂ ಗೋಮಾಳದಲ್ಲಿ ಓಡಾಡುವ ಕುರುಬನಿಗೂ ಇದು ಕಣ್ಣಿಗೆ ಬೀಳದಿರಬಹುದು.

ಹುಲ್ಲಿನ ನಡುವೆ ಬಾಳಿದರೂ ಹುಲ್ಲನ್ನು ತಿನ್ನುವುದಿಲ್ಲ

ಬೆಳೆಗೆ ಬೀಳುವ ಹುಳುಗಳ ಉಪದ್ರವವನ್ನು ಅನುಭವಿಸಿದ ರೈತರು ಚಿಟ್ಟೆಯೆಂದ ಕೂಡಲೆ ಶಂಕೆಪಡುವುದು ಸಹಜ. ಹುಲ್ಲಿನಲ್ಲಿ ಬೆಳೆಯುವ ಕೆಲವು ಚಿಟ್ಟೆಗಳ ಮರಿಗಳು ಬತ್ತದ ಗದ್ದೆಗೂ ಬರುವುದುಂಟು. ಸಂಜೆಯ ಹೊತ್ತು ಹಾರಾಡಿ, ಒಮ್ಮೊಮ್ಮೆ ಮನೆಯ ದೀಪದ ಬಳಿಗೂ ಬರುವ, ಒಣಗಿದ ಎಲೆಯಂತೆ ಕಾಣುವ ಕಂದು ಚಿಟ್ಟೆಯೊಂದಿದೆ. ತಲೆಯ ಮೇಲೆ ಎರಡು ಕೋಡುಗಳಿರುವ ಅದರ ಹಸುರು ಹುಳುವು ಹುಲ್ಲನ್ನೂ ಬತ್ತದ ಗರಿಯನ್ನೂ ತಿನ್ನುತ್ತದೆ. ಬತ್ತದ ಗರಿಯನ್ನು ಮಡಿಸಿ ಅದರೊಳಗೆ ಅಡಗಿ ಮೇಯುವ ಸ್ಕಿಪ್ಪರ್ ಎಂಬ ಇನ್ನೊಂದು ಬಗೆಯೂ ಉಂಟು. ಇವುಗಳಿಂದಾಗುವ ನಷ್ಟವು ಸಾಮಾನ್ಯವಾಗಿ ಅಲ್ಪವಾದುದು.

ಹುಲ್ಲುಮಣಿಯ ಸಂಗತಿಯೇ ಬೇರೆ. ಇದು ಹುಲ್ಲಿನ ನಡುವೆ ಇರುವುದಾದರೂ ಹುಲ್ಲನ್ನು ಮುಟ್ಟುವುದಿಲ್ಲ. ಹುಲ್ಲಿನ ಸಂದಿನಲ್ಲಿ ನೆಲಕ್ಕೆ ಅಂಟಿಕೊಂಡು ಬೆಳೆಯುವ ಕೆಲವು ಗಿಡಗಳೇ ಇದರ ಮರಿಗಳಿಗೆ ಆಹಾರ. ಅವುಗಳಲ್ಲಿ ಮುಖ್ಯವಾದುವು ಮೂರು ಬಗೆ.

ಮೊದಲನೆಯದು ಕೆನ್ನೆಗ್ಗಿಲು ಮತ್ತು ಅದರ ಬಳಗದ ಸಣ್ಣ ಗಿಡಗಳು. ಇವು ನೀಲಿ ಬಣ್ಣ ತೆಗೆಯುವ ಗಿಡದ ಜಾತಿಗೆ ಸೇರಿದುವು. ಕೆನ್ನೆಗ್ಗಿಲು ನೆಲದ ಮೇಲೆ ಚಕ್ರಾಕಾರವಾಗಿ ಹರಡಿಕೊಂಡು ಕೆಂಪನೆಯ ಚಿಕ್ಕ ಹೂಗಳನ್ನು ಬಿಡುತ್ತದೆ. ಎರಡನೆಯದು ಜೋರ್ನಿಯಾ ಎಂಬ ಗಿಡ. ಒಂದು ತೊಟ್ಟಿಗೆ ಎರಡೇ ಎಲೆಗಳು, ಹಳದಿ ಹೂವು, ಸಣ್ಣ ಮುಳ್ಳುಗಳಿರುವ ಗಿಣ್ಣುಗಿಣ್ಣಾದ ಕಾಯಿ, ಇವುಗಳಿಂದ ಅದನ್ನು ಸುಲಭವಾಗಿ ಗುರುತಿಸಬಹುದು. ಮೂರನೆಯದು ಚೇಳುಕೊಂಡಿ ಗಿಡದ ಬಳಗಕ್ಕೆ ಸೇರಿದ ಒಂದು ಸಣ್ಣ ಜಾತಿ. ಅದರ ಹೂಗೊಂಚಲು ಚೇಳಿನ ಬಾಲದಂತೆ ಬಾಗಿರುವುದು.

ಇವುಗಳಲ್ಲಿ ಮೊದಲಿನ ಎರಡು ಅವರೆ, ಹುರುಳಿ, ತೊಗರಿಗಳ ಕುಲಕ್ಕೆ ಸೇರಿದುವೆಂಬುದು ಗಮನಿಸತಕ್ಕ ವಿಷಯ. ಈ ಕುಲದ ಗಿಡಗಳ ಬೇರಿನಲ್ಲಿ ಸಣ್ಣ ಗಂಟುಗಳಿದ್ದು, ಅವುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುತ್ತವೆ. ರಾಗಿಯ ಹೊಲದಲ್ಲಿ ಅವರೆಯ ಅಕ್ಕಡಿ ಹಾಕುವ ರೈತರು ಪರಂಪರೆಯಿಂದ ಈ ಲಾಭವನ್ನು ಪಡೆಯುತ್ತಲೇ ಇದ್ದಾರೆ. ಗೋಮಾಳಕ್ಕೆ ಯಾರೂ ಗೊಬ್ಬರ ಹಾಕುವುದಿಲ್ಲ. ಕುರಿ ದನಗಳ ಹಿಕ್ಕೆ ಸಗಣಿಗಳನ್ನು ಬಿಟ್ಟರೆ ಅದಕ್ಕೆ ಸಾರವನ್ನು ಕೂಡಿಸುವುವು ಈ ಗಿಡಗಳೇ. ಬರಿಯ ಹುಲ್ಲಿಗಿಂತ ಇಂತಹ ಗಿಡಗಳು ಬೆರೆತ ಮೇವಿನಲ್ಲಿ ಮಾಂಸವನ್ನು ಬೆಳೆಸುವ ಅಂಶವು ಹೆಚ್ಚು. ಜೋರ್ನಿಯಾದ ಮುಳ್ಳುಕಾಯಿಯು ಕುರಿಯ ಉಣ್ಣೆಗೆ ಅಂಟಿಕೊಂಡು ಬೇರೆಡೆಗೆ ಸಾಗಿ ಅಲ್ಲಿ ಮೊಳೆಯುವುದರಿಂದ, ಆ ಗಿಡವನ್ನು ಹರಡುವುದರಲ್ಲಿ ಕುರಿಗೂ ಒಂದು ಪಾಲುಂಟು.

ಮೊಟ್ಟೆಯಿಂದ ರೆಕ್ಕೆಯವರೆಗೆ

ಹೆಣ್ಣು ಚಿಟ್ಟೆಯು ಮೊಟ್ಟೆಗಳನ್ನು ಗುಂಪಾಗಿ ಇಡುವುದಿಲ್ಲ. ಒಂದೊಂದು ಗಿಡದಲ್ಲಿ ಎಳೆಯ ಎಲೆಯ ಅಥವಾ ಮೊಗ್ಗಿನ ಮೇಲೆ ಒಂದೊಂದಾಗಿ ಇಟ್ಟು ಹೋಗುತ್ತದೆ. ಮೊಟ್ಟೆಯು ಸಾಸುವೆ ಕಾಳಿಗಿಂತಲೂ ಬಹು ಸಣ್ಣದು, ಚಪ್ಪಟೆಯಾದ ರುಮಾಲಿನ ಆಕಾರದ್ದು, ಬಿಳುಪಾದುದು. ಭೂತಕನ್ನಡಿಯಿಂದ ನೋಡಿದರೆ ಅದರ ಮೇಲೆ ಬಲೆ ಹೆಣೆದಂತಹ ಕೆತ್ತನೆಯಿರುವುದು ಕಾಣುವುದು.

ಕೆಲವೇ ದಿನಗಳಲ್ಲಿ ಮೊಟ್ಟೆಯೊಡೆದು ಮರಿಹುಳುವು ಹೊರಗೆ ಬರುತ್ತದೆ. ಅದು ಎಳೆಯ ಎಲೆಗಳನ್ನೂ, ಮೊಗ್ಗುಗಳನ್ನೂ, ಹೂಗಳನ್ನೂ ತಿಂದು ಬೆಳೆಯುತ್ತದೆ. ಬಣ್ಣವು ಹಸುರು, ಆಕಾರವು ಗೊಂಡೆಹುಳುವಿನಂತೆ ಚಪ್ಪಟೆ, ಮೈಮೇಲೆ ನಯವಾದ ಸಣ್ಣ ರೋಮಗಳು. ಪೂರ್ತಿಯಾಗಿ ಬೆಳೆದಾಗಲೂ ಅದರ ಉದ್ದವು ಅರ್ಧ ಅಂಗುಲವನ್ನು ಮುಟ್ಟುವುದಿಲ್ಲ. ಹಸುರು ಎಲೆಯ ಮೇಲೆ ಹಸುರಾಗಿಯೇ ಇರುವುದರಿಂದ ಅದನ್ನು ಹುಡುಕುವುದು ಕಷ್ಟ. ಆದರೆ ಒಂದು ಸುಲಭವಾದ ಗುರುತುಂಟು: ಗಿಡದ ಮೇಲೆ ಇರುವೆಗಳು ಒಂದೇ ಸ್ಥಳವನ್ನು ಸುತ್ತುತ್ತಿದ್ದರೆ ಅಲ್ಲಿ ಹುಳುವಿರುವುದೆಂದು ತಿಳಿಯಬಹುದು.

ಬೆಳೆದು ಮುಗಿದ ಹುಳುವು ಎಲೆಗೋ ಕಾಂಡಕ್ಕೋ ಬಾಲದ ತುದಿಯನ್ನು ಅಂಟಿಸಿಕೊಂಡು, ನಡುವಿಗೆ ಒಂದು ರೇಷ್ಮೆಯ ಎಳೆಯನ್ನು ಉಡಿದಾರದಂತೆ ಕಟ್ಟಿಕೊಂಡು ಕೋಶವಾಗುತ್ತದೆ. ರೇಷ್ಮೆಹುಳುವಿನಂತೆ ಇದು ಸುತ್ತಲೂ ಗೂಡನ್ನು ನೂಲುವುದಿಲ್ಲ. ಕೋಶವು ಬಯಲಿಗೇ ಇರುವುದು. ಈ ಸ್ಥಿತಿಯಲ್ಲಿ ಹುಳುವಿನ ದೇಹವೆಲ್ಲ ಒಳಗೊಳಗೆ ಮಾರ್ಪಟ್ಟು, ಕೊನೆಗೆ ಕೋಶವನ್ನು ಬಿರಿದು ಚಿಟ್ಟೆಯು ಹೊರಬೀಳುತ್ತದೆ. ಹವೆಯು ಬೆಚ್ಚಗಿದ್ದು ಹಸುರು ಸಾಕಷ್ಟಿದ್ದರೆ ಮೊಟ್ಟೆಯಿಂದ ಚಿಟ್ಟೆಯಾಗುವುದಕ್ಕೆ ಸುಮಾರು 3ರಿಂದ 4 ವಾರಗಳು ಹಿಡಿಯುವುವು. ಆದುದರಿಂದ ಒಂದು ಮಳೆಗಾಲದಲ್ಲಿಯೇ ಒಂದರ ಮೇಲೊಂದರಂತೆ ಹಲವು ತಲೆಮಾರುಗಳು ಸಾಗುತ್ತವೆ. ಬೆಳೆದ ಚಿಟ್ಟೆಗೆ ವಿಷ್ಣುಕ್ರಾಂತಿಯಂತಹ ನೆಲಮಟ್ಟದ ಸಣ್ಣ ಹೂಗಳ ಜೇನೇ ಆಹಾರ.

ಇರುವೆಯೊಡನೆ ಒಪ್ಪಂದ

ಹುಲ್ಲುಮಣಿಯ ಹುಳುವಿನ ಬೆನ್ನ ಮೇಲೆ, ಬಾಲದ ಕಡೆಗೆ, ಒಂದು ಸಣ್ಣ ಗ್ರಂಥಿಯುಂಟು. ಇರುವೆಯು ಮೀಸೆಯಿಂದ ಮೆಲ್ಲನೆ ತಟ್ಟಿದರೆ ಅದರಿಂದ ಸಿಹಿಯಾದ ರಸದ ಹನಿಯು ಒಸರುವುದು. ಅದರ ಹಿಂದಿನ ಗಿಣ್ಣಿನಲ್ಲಿ ಒಳಗೆಳೆದುಕೊಳ್ಳಬಲ್ಲ ಎರಡು ಕುಚ್ಚುಗಳಿದ್ದು, ಅವುಗಳಿಂದ ಹುಳುವು ಇರುವೆಗಳಿಗೆ ಸಂಜ್ಞೆಮಾಡುವುದೆಂದು ಶಾಸ್ತ್ರಜ್ಞರು ಹೇಳುತ್ತಾರೆ. ಹಸುವಿಗೆ ಹಾಲಿಗಾಗಿ ಕಾವಲಿರುವ ಗೋವಳನಂತೆ ಇರುವೆಗಳು ಈ ರಸಕ್ಕಾಗಿ ಹುಳುವನ್ನು ಸುತ್ತಿಕೊಂಡಿರುತ್ತವೆ. ಹುಳುವಿಗೆ ಇದರಿಂದ ದೊರೆಯುವುದು ರಕ್ಷಣೆ: ಜೇಡಗಳೂ, ಹುಳುವಿನ ಮೈಯಲ್ಲಿ ಮೊಟ್ಟೆಯಿಡಲು ಬರುವ ಸಣ್ಣ ಕಣಜಗಳೂ ಇರುವೆಗಳ ಕಾವಲಿರುವಲ್ಲಿ ಸುಲಭವಾಗಿ ಹತ್ತಿರ ಬರಲಾರವು.

ಹಿಂದೂದೇಶದ ಚಿಟ್ಟೆಗಳ ವಿಷಯದಲ್ಲಿ ಪ್ರಮಾಣಭೂತವಾದ ಗ್ರಂಥವನ್ನು ಬರೆದ ಲಯನೆಲ್ ಡಿ ನಿಸೆವಿಲ್ ಎಂಬವರು ಹತ್ತೊಂಭತ್ತನೆಯ ಶತಮಾನದಲ್ಲಿಯೇ ಈ ಗುಂಪಿನ ಹುಳುಗಳಿಗೂ ಇರುವೆಗಳಿಗೂ ಇರುವ ಸಂಬಂಧವನ್ನು ವಿವರಿಸಿದರು. ಅವರು 1901ರಲ್ಲಿ ಸರ್ಕಾರದ ಕೀಟಶಾಸ್ತ್ರಜ್ಞರಾಗಿ ನೇಮಕವಾಗಿ ಅದೇ ವರ್ಷ ತೀರಿಕೊಂಡರು. ಮೈಸೂರು ಸೀಮೆಯಲ್ಲಿ 1908ರಲ್ಲಿ ಕೆನಡಾ ದೇಶದಿಂದ ಬಂದ ಲೆಸ್ಲಿ ಕೋಲ್ಮನ್ನರೂ ಅವರ ಸಹಕಾರಿಯಾಗಿದ್ದ ಕುಂಞಿ ಕಣ್ಣನ್ನರೂ ಬತ್ತದ ಮಿಡತೆ, ಜೋಳದ ಮಿಡತೆ ಮುಂತಾದ ಕೀಟಗಳ ಜೀವಕ್ರಮವನ್ನು ಮೊಟ್ಟೆಯಿಂದ ಮೊದಲುಮಾಡಿ ಪರಿಶೀಲಿಸಿದರು. ಕೀಟವು ಯಾವಾಗ ಎಲ್ಲಿ ಇರುವುದೆಂದು ತಿಳಿದ ಮೇಲೆಯೇ ಅದಕ್ಕೆ ಪರಿಹಾರವನ್ನು ಹೇಳಬಹುದೆಂಬುದು ಅವರ ಕ್ರಮವಾಗಿತ್ತು. ಹಾನಿಕರವಾದ ಕೀಟಕ್ಕೆ ಯಾವ ಕ್ರಮವೋ ಉಳಿಸಬೇಕಾದ ಕೀಟಕ್ಕೂ ಅದೇ ಕ್ರಮವು ಅನ್ವಯಿಸುವುದು.

ನೆಲೆ

ಬಂಡೂರಿನ ಸುತ್ತಲಿನ ಸೀಮೆಯು ಮೈದಾನದ ಒಣಹವೆಯದು. ಮಂಡ್ಯ ಜಿಲ್ಲೆಗೆ ವರ್ಷದಲ್ಲಿ ಬೀಳುವ ಮಳೆಯು 700 ಮಿಲಿಮೀಟರಿನ ಆಸುಪಾಸು, ಎಂದರೆ ಸುಮಾರು 28 ಅಂಗುಲ. ಭರಣಿ ಕೃತ್ತಿಕೆಗಳಲ್ಲಿ ಕೆಲವು ಹದವಾದ ಮಳೆಗಳು. ನಡುವೆ ಸ್ವಲ್ಪ ಬಿಡುವು. ಉತ್ತರೆ, ಹಸ್ತ, ಚಿತ್ತೆಗಳಲ್ಲಿ ಮತ್ತೆ ಬಲವಾದ ಮಳೆಗಳು. ಮಣ್ಣು ಬಹುಮಟ್ಟಿಗೆ ಕೆಂಪು ಮರಳುಮಿಶ್ರ. ಎತ್ತರದ ಕಡೆ ಮಣ್ಣಿನ ಪದರವು ತೆಳುವಾಗಿ ಕೆಳಗೆ ಕಲ್ಲು ಸಿಗುತ್ತದೆ. ಇಂತಹ ನೆಲದಲ್ಲಿ ಹುಲ್ಲು ಎತ್ತರಕ್ಕೆ ಬೆಳೆಯುವುದಿಲ್ಲ. ಗರಿಕೆ, ಹಂಚಿಹುಲ್ಲುಗಳ ನಡುವೆ ಬಿಸಿಲು ನೆಲಕ್ಕೆ ತಾಗುವುದು. ಆ ಬಿಸಿಲಿನಲ್ಲಿಯೇ ಕೆನ್ನೆಗ್ಗಿಲು, ಜೋರ್ನಿಯಾಗಳು ಹರಡುತ್ತವೆ. ಅವುಗಳಿರುವ ಕಡೆ ಹುಲ್ಲುಮಣಿಯೂ ಇರುವುದು.

ಮಳೆ ಬಿದ್ದು ಗಿಡಗಳು ಚಿಗುರಿದ ಕೆಲವು ವಾರಗಳಲ್ಲಿ ಚಿಟ್ಟೆಗಳ ಸಂಖ್ಯೆಯು ಹೆಚ್ಚುವುದು. ಬೇಸಗೆಯಲ್ಲಿ ಗೋಮಾಳವು ಒಣಗಿದಾಗ ಅವು ಕಡಮೆಯಾಗಿ, ಕೆರೆಯ ಅಂಗಳ, ಕಾಲುವೆಯ ಬದಿ, ಹೊಲದ ಬದು ಮುಂತಾಗಿ ಹಸುರು ಉಳಿದಿರುವ ಕಡೆಗಳಲ್ಲಿ ಅಲ್ಪಸ್ವಲ್ಪವಾಗಿ ಕಾಣುವುವು. ಹೀಗೆ ಈ ಚಿಟ್ಟೆಗೆ ಒಂದೇ ಸ್ಥಳವು ಸಾಲದು. ಮಳೆಗಾಲಕ್ಕೆ ಬಿಸಿಲಿನ ಗೋಮಾಳವೂ, ಬೇಸಗೆಗೆ ತೇವವುಳಿದ ಅಂಚುಗಳೂ ಬೇಕು. ಇದು ದುರ್ಬಲವಾಗಿ ಹಾರುವ ಪ್ರಾಣಿಯಾದುದರಿಂದ ಈ ಎರಡೂ ಸ್ಥಳಗಳು ಒಂದಕ್ಕೊಂದು ಸಮೀಪದಲ್ಲಿರಬೇಕು.

ಮೇಯಿಸುವುದು ಎಷ್ಟು, ಬಿಡುವುದು ಎಷ್ಟು

ಚಿಟ್ಟೆಯನ್ನು ಉಳಿಸಬೇಕಾದರೆ ಕುರಿಗಳನ್ನು ಹೊರಗಟ್ಟಿ ಬೇಲಿ ಹಾಕಬೇಕೆಂದು ಮೊದಲ ನೋಟಕ್ಕೆ ತೋರಬಹುದು. ಇದು ತಪ್ಪು ತಿಳಿವಳಿಕೆ. ಇದಕ್ಕೆ ಇಂಗ್ಲೆಂಡಿನ ಒಂದು ದೃಷ್ಟಾಂತವು ಉಪಯುಕ್ತವಾಗಿದೆ.

ಆ ದೇಶದಲ್ಲಿ ಲಾರ್ಜ್ ಬ್ಲೂ ಎಂಬ ನೀಲಿ ಚಿಟ್ಟೆಯೊಂದಿತ್ತು. ಅದೂ ಹುಲ್ಲುಮಣಿಯ ಕುಲದ್ದೇ. ಅದರ ಹುಳುವು ಕಡೆಯ ಹಂತದಲ್ಲಿ ಒಂದು ಬಗೆಯ ಕೆಂಪಿರುವೆಯ ಗೂಡನ್ನು ಸೇರಿ ಅಲ್ಲಿ ಬೆಳೆಯತಕ್ಕದ್ದು. ಚಿಟ್ಟೆಯನ್ನು ಹಿಡಿಯುವವರಿಂದ ಅದು ನಾಶವಾಗುತ್ತಿದೆಯೆಂದು ಭಾವಿಸಿ ಕೆಲವು ಸ್ಥಳಗಳಿಗೆ ಬೇಲಿ ಹಾಕಿದರು. ಆದರೂ ಅದು ಕುಗ್ಗುತ್ತಲೇ ಹೋಯಿತು. ಆ ಹುಲ್ಲುಗಾವಲುಗಳಲ್ಲಿ ದನ ಕುರಿಗಳ ಮೇಯುವಿಕೆ ಕಡಮೆಯಾಗಿತ್ತು. 1950ರ ದಶಕದಲ್ಲಿ ಒಂದು ರೋಗದಿಂದ ಮೊಲಗಳೂ ಸತ್ತುವು. ಹುಲ್ಲು ಎತ್ತರವಾಗಿ ಬೆಳೆದು ನೆಲವು ತಂಪಾಯಿತು. ಬಿಸಿಲಿನ ನೆಲವನ್ನು ಬಯಸುವ ಆ ಇರುವೆಯು ಹೋಯಿತು. ಅದರೊಡನೆ ಚಿಟ್ಟೆಯೂ 1979ರಲ್ಲಿ ಆ ದೇಶದಿಂದ ಇಲ್ಲವಾಯಿತು. ಜೆರೆಮಿ ಥಾಮಸ್ ಎಂಬ ಶಾಸ್ತ್ರಜ್ಞರು ಈ ಕಾರಣವನ್ನು ಕಂಡುಹಿಡಿದ ಮೇಲೆ ಹುಲ್ಲುಗಾವಲುಗಳನ್ನು ಮತ್ತೆ ಕ್ರಮವಾಗಿ ಮೇಯಿಸಲಾಯಿತು. 1983ರಿಂದ ಸ್ವೀಡನ್ ದೇಶದ ಚಿಟ್ಟೆಗಳನ್ನು ತಂದು ಬಿಟ್ಟರು. ಆ ಪ್ರಯತ್ನವು ಸಫಲವಾಯಿತು.

ಹುಲ್ಲುಮಣಿಯು ಇರುವೆಯ ಗೂಡಿನೊಳಕ್ಕೆ ಹೋಗತಕ್ಕದ್ದಲ್ಲ. ಆದರೂ ನೆಲದ ಮಟ್ಟಿಗೆ ನೀತಿಯು ಒಂದೇ. ಮೇಯಿಸುವುದನ್ನು ಪೂರ್ತಿಯಾಗಿ ನಿಲ್ಲಿಸಿದರೆ ಎತ್ತರದ ಹುಲ್ಲೂ, ಲಂಟಾನದಂತಹ ಪೊದೆಗಳೂ ನೆರಳು ಕವಿದು ಕೆನ್ನೆಗ್ಗಿಲು ಜೋರ್ನಿಯಾಗಳು ಸಾಯುವುವು. ಮಿತಿಮೀರಿ ಮೇಯಿಸಿದರೆ ಅವು ಹೂ ಕಾಯಿ ಬಿಡುವುದಕ್ಕೆ ಮುಂಚೆಯೇ ಕುರಿಯ ಬಾಯಿಗೆ ಹೋಗಿ, ಬೀಜವಿಲ್ಲದೆ ಕೆಲವು ವರ್ಷಗಳಲ್ಲಿ ಕ್ಷೀಣಿಸುವುವು. ಆಗ ಉಳಿಯುವುದು ಕುರಿಯು ಮೂಸದ ಕಳೆಗಳು ಮಾತ್ರ. ಮಿತವಾದ ಮೇಯುವಿಕೆಯೇ ಮೇವಿಗೂ ಚಿಟ್ಟೆಗೂ ಹಿತ. ಬಂಡೂರು ತಳಿಯ ಕುರಿಗಳನ್ನು ಹಿಂದಿನಿಂದಲೂ ಮನೆಮನೆಗೆ ಕೆಲವೇ ಸಂಖ್ಯೆಯಲ್ಲಿ ಸಾಕುವ ವಾಡಿಕೆಯಿದ್ದುದು ಈ ದೃಷ್ಟಿಯಿಂದ ಒಳ್ಳೆಯ ಪದ್ಧತಿಯಾಗಿದೆ.

ಗೋಮಾಳಕ್ಕೆ ಬಂದಿರುವ ಅಪಾಯಗಳು

ಕನ್ನಂಬಾಡಿಯ ಕಟ್ಟೆಯೂ ವಿಶ್ವೇಶ್ವರಯ್ಯ ನಾಲೆಯೂ ಆದಮೇಲೆ ಮಂಡ್ಯ ಸೀಮೆಯ ಬಾಳು ಬದಲಾಯಿಸಿತೆಂಬುದು ಎಲ್ಲರಿಗೂ ತಿಳಿದ ಸಂಗತಿ. ಬತ್ತ ಕಬ್ಬುಗಳಿಂದ ಬಂದ ಸಂಪತ್ತನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ನೀರು ಬಂದ ಕಡೆಯಲ್ಲೆಲ್ಲ ಭೂಮಿಯ ಬೆಲೆಯು ಏರಿ, ಸಾಗುವಳಿಯಾಗದ ನೆಲದ ಮೇಲೆ ಕಣ್ಣು ಬೀಳುವುದು ಸಹಜವಾಯಿತು. ಗೋಮಾಳದ ಅಂಚನ್ನು ವರ್ಷಕ್ಕೊಂದು ಸಾಲು ಒಳಕ್ಕೆ ಉತ್ತು ಸೇರಿಸಿಕೊಳ್ಳುವುದು, ಅದರಲ್ಲಿ ಮಣ್ಣು ಕಲ್ಲು ತೆಗೆಯುವುದು, ಕಸ ಸುರಿಯುವುದು, ಇವೆಲ್ಲ ಹಲವು ಊರುಗಳಲ್ಲಿ ಕಾಣಬರುತ್ತವೆ. ಒಮ್ಮೆ ಉತ್ತ ಗೋಮಾಳವನ್ನು ಬೀಳುಬಿಟ್ಟರೂ ಹಿಂದಿನ ಗಿಡಗಳು ಬೇಗನೆ ಬರುವುದಿಲ್ಲ. ಮೊದಲು ಬರುವುದು ಪಾರ್ಥೇನಿಯಂ, ಎಂದರೆ ರೈತರು ಕಾಂಗ್ರೆಸ್ ಗಿಡವೆಂದು ಕರೆಯುವ ಕಳೆ.

ಕಾನೂನಿನ ಸ್ಥಿತಿಯನ್ನು ಗ್ರಾಮದ ಮುಖಂಡರು ತಿಳಿದಿರುವುದು ಅವಶ್ಯ. ಕರ್ನಾಟಕ ಭೂಕಂದಾಯ ಅಧಿನಿಯಮವು 1964ರದು. ಅದರ ಮೇಲೆ 1966ರಲ್ಲಿ ಮಾಡಿದ ನಿಯಮಗಳ 97ನೆಯ ನಿಯಮದಲ್ಲಿ ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರಿನ ಪ್ರಮಾಣದಲ್ಲಿ ಗ್ರಾಮಕ್ಕೆ ಉಚಿತ ಹುಲ್ಲುಗಾವಲನ್ನು ಬಿಡಬೇಕೆಂದು ಗೊತ್ತುಮಾಡಲಾಯಿತು. 2011ನೆಯ ಜನವರಿ 28ರಂದು ಸರ್ವೋಚ್ಚ ನ್ಯಾಯಾಲಯವು ಪಂಜಾಬಿನ ಒಂದು ಮೊಕದ್ದಮೆಯ ತೀರ್ಪಿನಲ್ಲಿ ಗ್ರಾಮದ ಸಾಮೂಹಿಕ ಭೂಮಿಗಳ ಒತ್ತುವರಿಯನ್ನು ತೆರವುಮಾಡಿಸಿ ಅವುಗಳನ್ನು ಗ್ರಾಮಕ್ಕೆ ಹಿಂದಿರುಗಿಸಬೇಕೆಂದು ಎಲ್ಲ ರಾಜ್ಯಗಳಿಗೂ ಆದೇಶಿಸಿತು. ಲಿಖಿತದಲ್ಲಿ ರಕ್ಷಣೆಯಿದ್ದರೂ ನೆಲದ ಮೇಲೆ ಅದನ್ನು ಕಾಯತಕ್ಕವರು ಗ್ರಾಮಸ್ಥರೇ. ಅಂಚಿನ ಜಮೀನಿನ ಒಡೆಯರಿಗೆ ಈ ಹೊಣೆಯು ಉಳಿದವರಿಗಿಂತ ಹೆಚ್ಚು.

ಎಲ್ಲ ಕೀಟವೂ ಶತ್ರುವಲ್ಲ

ಗೋಮಾಳದ ಅಂಚಿನ ಹೊಲಗಳಲ್ಲಿ ಕೀಟನಾಶಕವನ್ನು ಸಿಂಪಡಿಸುವಾಗ ಅದು ಗಾಳಿಯೊಡನೆ ಹುಲ್ಲಿನ ಮೇಲೂ ಬೀಳುವುದು. ಅದರಿಂದ ಹುಲ್ಲುಮಣಿಯಂತಹ ನಿರಪರಾಧಿಗಳ ಜೊತೆಗೆ ರೈತನಿಗೆ ಉಪಕಾರಿಗಳಾದ ಕೀಟಗಳೂ ಸಾಯುವುವು. ಕಬ್ಬಿನ ಕಾಂಡಕೊರಕದ ಮೊಟ್ಟೆಗಳನ್ನು ನಾಶಮಾಡುವುದಕ್ಕಾಗಿ ಟ್ರೈಕೋಗ್ರಾಮ ಎಂಬ ಅತಿ ಸಣ್ಣ ಕಣಜವನ್ನು ಕಾಗದದ ಪಟ್ಟಿಗಳಲ್ಲಿ ತಂದು ಹೊಲಕ್ಕೆ ಬಿಡುವ ಪದ್ಧತಿಯನ್ನು ಕಬ್ಬು ಬೆಳೆಗಾರರು ಬಲ್ಲರು. ಇಂತಹ ಕಣಜಗಳು ಹೂವಿನ ಜೇನು ದೊರೆತರೆ ಹೆಚ್ಚು ದಿನ ಬದುಕುವುವು. ಬದುವಿನ ಮೇಲೂ ಗೋಮಾಳದ ಅಂಚಿನಲ್ಲೂ ಇರುವ ಸಣ್ಣ ಹೂಗಳು ಚಿಟ್ಟೆಗೆ ಆಹಾರವಾದಂತೆಯೇ ಅವುಗಳಿಗೂ ಆಹಾರವಾಗುವುವು. ಕಳೆನಾಶಕದಿಂದ ಬದುವನ್ನು ಬೋಳುಮಾಡುವ ರೈತನು ತನ್ನ ಹೊಲದ ಕಾವಲುಗಾರನ ಊಟವನ್ನು ತಾನೇ ಕಿತ್ತಂತಾಗುವುದು.

ಪಾರ್ಥೇನಿಯಂ ಕಳೆಯನ್ನು ತಿನ್ನುವ ಮೆಕ್ಸಿಕೋ ದೇಶದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಈಗ ಮಳೆಗಾಲದಲ್ಲಿ ಅದು ಹಲವೆಡೆ ಆ ಗಿಡವನ್ನು ಎಲೆಯಿಲ್ಲದಂತೆ ಮೇಯುವುದನ್ನು ನೋಡಬಹುದು. ಅದನ್ನು ಬೆಳೆಯ ಶತ್ರುವೆಂದು ಭ್ರಮಿಸಿ ಕೊಲ್ಲಬಾರದು.

ಗ್ರಾಮದಲ್ಲಿ ಮಾಡತಕ್ಕ ಕೆಲಸಗಳು

ಮೇಲೆ ಹೇಳಿದ ವಿಷಯಗಳಿಂದ ಈ ಕೆಳಗಿನ ಸಲಹೆಗಳು ಹೊರಡುತ್ತವೆ. ಇವುಗಳಲ್ಲಿ ಯಾವುದಕ್ಕೂ ಹೆಚ್ಚು ಹಣ ಬೇಕಾಗಿಲ್ಲ.

1. ಗೋಮಾಳವನ್ನು ಮೂರು ಪಾಲಾಗಿ ಗೊತ್ತುಮಾಡಿ, ಮುಂಗಾರಿನ ಮೊದಲ ಮಳೆಗಳಾದ ಮೇಲೆ ಒಂದು ಪಾಲನ್ನು ಒಂದೂವರೆ ತಿಂಗಳ ಕಾಲ ಮೇಯಿಸದೆ ಬಿಡುವುದು. ಪ್ರತಿವರ್ಷವೂ ಪಾಲನ್ನು ಬದಲಾಯಿಸುವುದು. ಈ ಅವಧಿಯಲ್ಲಿ ಮೇವಿನ ಗಿಡಗಳು ಬೀಜ ಕಟ್ಟುವುವು. ಚಿಟ್ಟೆಯ ಒಂದು ತಲೆಮಾರೂ ಪೂರ್ತಿಯಾಗುವುದು.

2. ಬೇಸಗೆಯಲ್ಲಿ ಒಣಹುಲ್ಲಿಗೆ ಬೆಂಕಿ ಕೊಡದಿರುವುದು. ಬೆಂಕಿಯಿಂದ ಮೊಟ್ಟೆ, ಹುಳು, ಕೋಶಗಳು ಒಟ್ಟಿಗೆ ನಾಶವಾಗುವುವು. ಮಣ್ಣೂ ಬರಿದಾಗಿ ಮೊದಲ ಮಳೆಗೆ ಕೊಚ್ಚಿಹೋಗುವುದು.

3. ಪಾರ್ಥೇನಿಯಂ ಗಿಡವನ್ನು ಹೂಬಿಡುವ ಮುಂಚೆ, ನೆಲವು ತೇವವಾಗಿರುವಾಗ, ಬೇರುಸಹಿತ ಕೀಳಿಸುವುದು. ಅದು ಚರ್ಮಕ್ಕೂ ಉಸಿರಿಗೂ ಕೆಡುಕಾದುದರಿಂದ ಕೀಳುವವರು ಕೈಗೆ ಚೀಲವನ್ನು ಹಾಕಿಕೊಳ್ಳತಕ್ಕದ್ದು.

4. ಗೋಮಾಳದ ಕಡೆಗೆ ಗಾಳಿ ಬೀಸುವಾಗ ಅಂಚಿನ ಹೊಲಗಳಲ್ಲಿ ಔಷಧವನ್ನು ಸಿಂಪಡಿಸದಿರುವುದು. ಬದುಗಳಿಗೆ ಕಳೆನಾಶಕವನ್ನು ಬಳಸದೆ ಕುಡುಗೋಲಿನಿಂದ ಹುಲ್ಲನ್ನು ಕೊಯ್ದು ಮೇವಿಗೆ ಉಪಯೋಗಿಸುವುದು.

5. ಬಯಲಾದ ಹುಲ್ಲುಗಾವಲಿನ ನಡುವೆ ನೀಲಗಿರಿ ಮುಂತಾದ ಮರಗಳನ್ನು ಒತ್ತೊತ್ತಾಗಿ ನೆಡದಿರುವುದು. ಮರವು ಒಳ್ಳೆಯದೇ, ಆದರೆ ಹುಲ್ಲುಗಾವಲು ಬೆಳೆಯದೆ ಉಳಿದ ಕಾಡಲ್ಲ, ಅದೇ ಒಂದು ಬೆಳೆ. ನೆರಳಿಗೆ ಬೇಕಾದರೆ ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಹೊಂಗೆ, ಬೇವುಗಳು ಸಾಕು.

6. 2002ರ ಜೀವವೈವಿಧ್ಯ ಅಧಿನಿಯಮದ ಪ್ರಕಾರ ಗ್ರಾಮ ಪಂಚಾಯತಿಯಲ್ಲಿ ರಚಿಸತಕ್ಕ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಜನತಾ ದಾಖಲೆಯಲ್ಲಿ ಗೋಮಾಳದ ಎಲ್ಲೆಯನ್ನೂ, ಅಲ್ಲಿನ ಮೇವಿನ ಗಿಡಗಳನ್ನೂ, ಬಂಡೂರು ಕುರಿಯನ್ನೂ, ಚಿಟ್ಟೆಗಳನ್ನೂ ಬರೆಯಿಸುವುದು. ದಾಖಲೆಯಲ್ಲಿಲ್ಲದ ವಸ್ತುವನ್ನು ಕಳೆದುಕೊಂಡರೆ ಕೇಳುವವರಿರುವುದಿಲ್ಲ.

7. ಪಾಠಶಾಲೆಯ ಮಕ್ಕಳಿಂದ ವಾರಕ್ಕೊಮ್ಮೆ ಎಣಿಕೆ ಮಾಡಿಸುವುದು. ಗ್ರೇಟ್ ಬ್ರಿಟನ್ನಿನಲ್ಲಿ 1976ರಿಂದ ನಡೆದುಬಂದಿರುವ ಕ್ರಮವು ಸುಲಭವಾದುದು: ಗೊತ್ತಾದ ಒಂದೇ ದಾರಿಯಲ್ಲಿ, ಬಿಸಿಲಿರುವಾಗ, ಒಂದೇ ವೇಗದಿಂದ ನಡೆದು, ಎದುರಿಗೆ ಕಾಣುವ ಚಿಟ್ಟೆಗಳನ್ನು ಎಣಿಸಿ ಬರೆದಿಡುವುದು. ವರ್ಷದಿಂದ ವರ್ಷಕ್ಕೆ ಲೆಕ್ಕವನ್ನು ಹೋಲಿಸಿದರೆ ನೆಲದ ಸ್ಥಿತಿಯು ಗೊತ್ತಾಗುವುದು.

ಮುಕ್ತಾಯ

ಶುದ್ಧವಾದ ಬಂಡೂರು ತಳಿಯ ಕುರಿಗಳು ಬೇರೆ ತಳಿಗಳ ಬೆರಕೆಯಿಂದ ಕಡಮೆಯಾಗುತ್ತಿರುವುದನ್ನು ಕುರಿಸಾಕುವವರೇ ಒಪ್ಪುತ್ತಾರೆ. ಒಳ್ಳೆಯ ಟಗರನ್ನು ಆರಿಸಿ ತಳಿಯನ್ನು ಕಾಪಾಡುವ ಕೆಲಸವು ಅವಶ್ಯವೇ ಸರಿ. ಆದರೆ ತಳಿಯು ರೂಪುಗೊಂಡುದು ಕೊಟ್ಟಿಗೆಯಲ್ಲಿ ಅಲ್ಲ, ಈ ಸೀಮೆಯ ಗಿಡ್ಡ ಹುಲ್ಲಿನ ಮೇಲೆ. ಟಗರನ್ನು ಉಳಿಸಿಕೊಂಡು ನೆಲವನ್ನು ಕಳೆದುಕೊಂಡರೆ ಅರ್ಧ ಕೆಲಸವಾದಂತೆ.

ಮೇವಿನ ಗಿಡಗಳು ಇಲ್ಲವಾಗುತ್ತಿರುವುದು ಕುರಿಯ ಮೈಯಲ್ಲಿ ಕಾಣುವುದಕ್ಕೆ ಹಲವು ವರ್ಷಗಳು ಹಿಡಿಯಬಹುದು. ಆದರೆ ಹುಲ್ಲುಮಣಿಯ ಆಯುಸ್ಸು ವಾರಗಳ ಲೆಕ್ಕದ್ದು. ಗಿಡವು ಒಂದು ಮಳೆಗಾಲದಲ್ಲಿ ಕಡಮೆಯಾದರೆ ಚಿಟ್ಟೆಯೂ ಆ ಮಳೆಗಾಲದಲ್ಲಿಯೇ ಕಡಮೆಯಾಗುವುದು. ಆದುದರಿಂದ ಅದು ಗೋಮಾಳದ ಆರೋಗ್ಯವನ್ನು ಮೊದಲು ಹೇಳುವ ಸೂಚಕವಾಗಿದೆ. ಗ್ರಾಮದ ಮುಖಂಡರೂ ಜಮೀನುದಾರರೂ ಮುಂದಿನ ಮಳೆಗಾಲದಲ್ಲಿ, ಬಿಸಿಲು ಬಂದ ಒಂದು ಬೆಳಗ್ಗೆ, ತಮ್ಮ ಊರಿನ ಗೋಮಾಳಕ್ಕೆ ಹೋಗಿ ಕೆನ್ನೆಗ್ಗಿಲಿನ ಬಳಿ ಸ್ವಲ್ಪ ಹೊತ್ತು ಕುಳಿತು ನೋಡಬೇಕು. ಬೂದು ಬಣ್ಣದ ಆ ಪುಟ್ಟ ರೆಕ್ಕೆಗಳು ಕಂಡರೆ ನೆಲವು ಇನ್ನೂ ಬದುಕಿದೆಯೆಂದು ತಿಳಿಯಬಹುದು. ಕಾಣದಿದ್ದರೆ ಮೊದಲು ಎಲ್ಲೆಯ ಕಲ್ಲನ್ನೂ, ಅನಂತರ ಮೇಯುವ ತಲೆಗಳ ಲೆಕ್ಕವನ್ನೂ ನೋಡತಕ್ಕದ್ದು.